ಹತ್ತಿಯ ಎಳೆಯಲ್ಲಿ ಇಳಿದ ಹಾಲು

ನನ್ನ ಎಡ ಎದೆಯ ಕೆಳಗೆ ಬೆರಳುದ್ದದ ಒಂದು ಕೊಯ್ತದ ಗುರುತಿದೆ. ಮನೆಯವರನ್ನು ಬಿಟ್ಟರೆ ಅದನ್ನು ನಾನು ಯಾರಿಗೂ ತೋರಿಸಿದವಳಲ್ಲ. ಮೊನ್ನೆ ಎದುರುಮನೆಯ ಬಾಣಂತಿ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಳು. ಹಾಲು ಸಾಲುತ್ತಿಲ್ಲ, ಕೂಸು ಹಸಿದು ಚೀರುತ್ತದೆ, ನಾನೆಂಥ ತಾಯಿ ಎಂದು ಅವಳ ಗೋಳು. ಅವಳನ್ನು ಒಳಗೆ ಕರೆದುಕೊಂಡು ಹೋಗಿ ಸೆರಗು ಸರಿಸಿ ಗುರುತು ತೋರಿಸಿದೆ. ಒಂದು ಕಾಲಕ್ಕೆ ಈ ಎರಡೂ ಎದೆಯಲ್ಲಿ ಒಂದು ಹನಿ ಹಾಲಿರಲಿಲ್ಲ, ಆಮೇಲೆ ಇದೇ ಎದೆಯ ಹಾಲು ಕುಡಿದು ನನ್ನ ಮಗಳು ಬೆಳೆದಳು ಎಂದೆ. ಹುಡುಗಿ ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಅವತ್ತು ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ಔಷಧದ ವಿಚಾರ ನನ್ನನ್ನು ಕೇಳಬೇಡಿ, ಕಂಡದ್ದನ್ನು ಮಾತ್ರ ಹೇಳಬಲ್ಲೆ.

ಈಗ ನಾವು ವಿಜಯಪುರದ ಅಥಣಿ ರಸ್ತೆಯಲ್ಲಿದ್ದೇವೆ. ಎಪ್ಪತ್ತರ ದಶಕದ ನಡುವಿನ ಆ ವರ್ಷ ನಾವಿದ್ದದ್ದು ತಿಕೋಟಾದಲ್ಲಿ. ನನ್ನ ಗಂಡ ದಸ್ತಗೀರ ಅವರ ಮನೆತನದ್ದು ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವ ಕಸುಬು. ಮುಂಜಾನೆ ಎದ್ದರೆ ಹತ್ತಿ ಹಿಂಜುವ ಬಿಲ್ಲಿನ ಸದ್ದು, ಮೂಗಿನಲ್ಲಿ ಹತ್ತಿಯ ಧೂಳು. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ಮೊದಲ ಬಾಣಂತನಕ್ಕೆ ತವರಿಲ್ಲ, ಎಲ್ಲವನ್ನೂ ಅತ್ತೆಯೇ ಮಾಡಿದಳು. ಅತ್ತೆಯ ನಾಲಿಗೆ ಚುರುಕು, ಕೈ ಮೆತ್ತಗೆ. ಬೈಯುತ್ತಲೇ ಎಣ್ಣೆ ತಿಕ್ಕುತ್ತಿದ್ದಳು, ಬೈಯುತ್ತಲೇ ಹಾಲು ಹೆಚ್ಚಲೆಂದು ಅಳವಿ ಬೀಜದ ಪಾಯಸ ಬಾಯಿಗಿಡುತ್ತಿದ್ದಳು.

ಅತ್ತೆಗೆ ಇಬ್ಬರೇ ಮಕ್ಕಳು. ದೊಡ್ಡವಳು ರಾಜಮಾ, ಬಬಲೇಶ್ವರಕ್ಕೆ ಕೊಟ್ಟಿತ್ತು. ಚಿಕ್ಕವರು ನನ್ನ ಗಂಡ. ರಾಜಮಾಳಿಗೆ ಆರು ವರ್ಷ ಮಕ್ಕಳಾಗದೆ ಆಮೇಲೆ ಹುಟ್ಟಿದವನು ಮೌಲಾ. ನನಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿದ ದಿನ ಮೌಲಾ ಐದು ತಿಂಗಳ ಕೂಸು. ಅವತ್ತು ಅತ್ತೆ, ಹೆಣ್ಣು ಹುಟ್ಟಿದರೆ ಮೌಲಾನಿಗೇ ಎಂದು ಹತ್ತು ಜನರ ಮುಂದೆ ಸಾರಿ ನನ್ನ ಬಾಯಿಗೂ ರಾಜಮಾಳ ಬಾಯಿಗೂ ಸಕ್ಕರೆ ಹಾಕಿದಳು. ಹೆಣ್ಣೇ ಹುಟ್ಟಿತು. ಜೈನಬಿ ಎಂದು ಹೆಸರಿಟ್ಟೆವು. ಆರನೆಯ ದಿನ ರಾಜಮಾ ಬಂದು ಕೂಸಿನ ಕೈಗೆ ಬೆಳ್ಳಿಯ ಕಡಗ ಹಾಕಿ, ಇದು ಮೌಲಾನ ಕಡೆಯಿಂದ ಎಂದಳು. ಹಾಗೆನ್ನುವಾಗ ಅವಳ ಮುಖದಲ್ಲಿದ್ದ ಹಿಗ್ಗು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸೊಸೆ ಸಿಕ್ಕಳೆಂಬ ಹಿಗ್ಗಿಗಿಂತ, ಮನೆಗೊಂದು ಹೆಣ್ಣುಮಗು ಬರುತ್ತದೆಂಬ ಹಿಗ್ಗು ಅದು.

ಮೊದಮೊದಲು ನನ್ನ ಹಾಲು ಉಕ್ಕುತ್ತಿತ್ತು. ಕೂಸು ಕೆಮ್ಮುವಷ್ಟು ಬರುತ್ತಿತ್ತು, ಕುಪ್ಪಸ ತೊಯ್ದು ಹೋಗುತ್ತಿತ್ತು. ಓಣಿಯ ಹೆಂಗಸರು, ನಿನ್ನ ಮಗಳಿಗೆ ಸಾಕಾಗಿ ಉಳಿದದ್ದಕ್ಕೆ ಹೆಪ್ಪು ಹಾಕು ಎಂದು ಚೇಷ್ಟೆ ಮಾಡುತ್ತಿದ್ದರು. ಮೂರನೆಯ ವಾರ ಎಡ ಎದೆಯ ತೊಟ್ಟು ಒಡೆಯಿತು. ನೋವಿಗೆ ಹೆದರಿ ಎರಡು ದಿನ ಆ ಕಡೆ ಕುಡಿಸಲಿಲ್ಲ. ನಾಚಿಕೆಯಿಂದ ಯಾರಿಗೂ ಹೇಳಲೂ ಇಲ್ಲ. ಮೂರನೆಯ ದಿನಕ್ಕೆ ಎದೆ ಕಲ್ಲಾಗಿ, ಮೈಯೆಲ್ಲ ನಡುಗಿ ಜ್ವರ ಬಂತು. ಅತ್ತೆ ಅರಿಶಿನ ಅರೆದು ಬಿಸಿ ಮಾಡಿ ಕಟ್ಟಿದಳು. ಮುಟ್ಟಿದರೆ ಜೀವ ಹೋಗುವಂಥ ನೋವು. ಜ್ವರದ ಹಾಲು ಕೂಸಿಗೆ ವಿಷ ಎಂದು ಅವಳ ನಂಬಿಕೆ. ಅವತ್ತಿನಿಂದ ಬಲ ಎದೆಯನ್ನೂ ಬಿಡಿಸಿದಳು.

ಕಡೆಗೆ ನನ್ನನ್ನು ವಿಜಾಪುರದ ದವಾಖಾನೆಗೆ ಒಯ್ದರು. ಆಗ ನಾವು ವಿಜಾಪುರ ಎಂದೇ ಅನ್ನುತ್ತಿದ್ದೆವು. ದವಾಖಾನೆಯ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆ. ಕಲ್ಲು ಹಾಸಿನ ನೆಲ ತಣ್ಣಗಿತ್ತು, ಅದರ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟೆ. ಪಕ್ಕದಲ್ಲಿ ಅರಕೇರಿಯಿಂದ ಬಂದ ಹೆಂಗಸೊಬ್ಬಳು ತನ್ನ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳು ಏನೂ ಕೇಳದೆ ತನ್ನ ತಂಬಿಗೆಯ ನೀರಿನಲ್ಲಿ ಸೆರಗು ಅದ್ದಿ ನನ್ನ ಹಣೆಯ ಮೇಲೆ ಇಟ್ಟಳು. ಆರಿದಂತೆಲ್ಲ ಮತ್ತೆ ಅದ್ದಿ ಇಟ್ಟಳು. ಅವಳ ಸರದಿ ಬಂದು ಎದ್ದು ಹೋದಳು. ಹೆಸರು ಕೇಳಲಿಲ್ಲವಲ್ಲ ಎಂದು ಇಷ್ಟು ವರ್ಷವಾದರೂ ಮರುಗುತ್ತೇನೆ.

ಡಾಕ್ಟರ್ ಬಾಯಿಯವರು ಎದೆ ಕೊಯ್ದು ಕೀವು ತೆಗೆದರು. ಬಲಗಡೆಯ ಹಾಲು ಕೊಡಬಹುದು, ಕೂಸನ್ನು ತಂದು ಹಚ್ಚಿರಿ ಎಂದು ಅವರು ಮನೆಯವರ ಹತ್ತಿರ ಹೇಳಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು. ಅತ್ತೆಗೆ ದವಾಖಾನೆಯ ಗಾಳಿಯ ಭಯ, ಜ್ವರದ ಹಾಲಿನ ಭಯ. ಕೂಸನ್ನು ತಿಕೋಟಾದಲ್ಲೇ ಇಟ್ಟುಕೊಂಡಳು. ಮೇಲಾಗಿ ನನಗೆ ನೋವಾಗಬಾರದೆಂದು ಗಂಡನ ಕೈಯಲ್ಲಿ ಮಲ್ಲಿಗೆ ಕೊಟ್ಟು ಕಳಿಸಿದಳು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಕಡಿಮೆಯಾಗಿ ಎದೆ ಹಗುರಾಗುತ್ತದೆ ಎಂದು. ನಾನೂ ಕಟ್ಟಿಕೊಂಡೆ. ಹದಿನೈದು ದಿನ ಆ ಮಂಚದ ಮೇಲೆ ಮಲ್ಲಿಗೆಯ ವಾಸನೆ, ಡೆಟಾಲಿನ ವಾಸನೆ ಎರಡೂ ಕೂಡಿ ಬರುತ್ತಿದ್ದವು. ಇಂದಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ. ಗಾಯ ಮಾಯಿತು, ಜ್ವರ ಬಿಟ್ಟಿತು, ಹಾಲೂ ನಿಂತುಹೋಯಿತು. ಎದೆ ಹಗುರಾಯಿತೆಂದು ಆಗ ನಾನು ಖುಷಿಪಟ್ಟೆನಲ್ಲ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇಟ್ಟಂಗಿಹಾಳ ದಾಟಿ ಬಸ್ಸು ತಿಕೋಟಾದ ಕಡೆ ಓಡುವಾಗ ಕೂಸನ್ನು ನೋಡುವ ಆಸೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದು ತೊಟ್ಟಿಲಲ್ಲಿ ನೋಡಿದರೆ ನನ್ನ ಮಗಳೇ ಅಲ್ಲವೇನೋ ಅನ್ನಿಸಿತು. ಆಡಿನ ಹಾಲಿಗೆ ನೀರು ಬೆರೆಸಿ, ಕೂಸಿಗೆ ಹಾಲು ಕುಡಿಸುವ ಮೂತಿಯ ಒಳಲೆಯಲ್ಲಿ ಹಾಕಿದ್ದರು. ಅದು ಹೊಟ್ಟೆಗೆ ಹಿಡಿಸದೆ ದಿನಕ್ಕೆ ಎಂಟು ಹತ್ತು ಸಲ ಭೇದಿ. ತೊಡೆಯ ಚರ್ಮ ಸುಕ್ಕಾಗಿ ಇಳಿಬಿದ್ದಿತ್ತು. ಬೆಳ್ಳಿಯ ಕಡಗ ಮುಂಗೈಯಿಂದ ಜಾರುತ್ತದೆಂದು ದಾರ ಸುತ್ತಿದ್ದರು. ಓಡಿಹೋಗಿ ಎದೆಗೆ ಹಚ್ಚಿಕೊಂಡೆ. ಎರಡು ಸಲ ಎಳೆಯಿತು, ಮೂರನೆಯ ಸಲ ಬಾಯಿ ಬಿಟ್ಟು ಮುಖ ತಿರುಗಿಸಿ ಅತ್ತಿತು. ದನಿಯೂ ಇಲ್ಲದ ಅಳು. ಡಾಕ್ಟರ ಕತ್ತಿ ಕೊಟ್ಟ ನೋವು ಅದರ ಮುಂದೆ ಏನೂ ಅಲ್ಲ. ಅತ್ತೆ ಗೋಡೆಗೆ ಆತು ಕೂತು, ನನ್ನ ಕೈಯಾರೆ ಹಿಂಗ ಮಾಡಿದೆ ಎಂದು ಒಂದೇ ಸಮ ತಲೆ ಚಚ್ಚಿಕೊಂಡಳು.

ಬಬಲೇಶ್ವರಕ್ಕೆ ಹೋಗೋಣ ಎಂದವರು ನನ್ನ ಗಂಡ. ರಾಜಮಾಳಲ್ಲಿ ಹಾಲಿತ್ತು. ಮೌಲಾನಿಗೆ ಎಂಟು ತಿಂಗಳಾಗಿದ್ದರೂ ಅವಳ ಹಾಲು ಕಡಿಮೆಯಾಗಿರಲಿಲ್ಲ. ಅತ್ತೆ ತಡಮಾಡದೆ ಗಂಟು ಕಟ್ಟಿದಳು. ಆದರೆ ಬಸ್ಸು ಹತ್ತುವ ಮೊದಲೇ ಷರತ್ತು ಹಾಕಿದಳು. ನಮ್ಮಲ್ಲಿ ಒಬ್ಬಳ ಎದೆಹಾಲು ಕುಡಿದ ಮಕ್ಕಳು ಅಣ್ಣತಂಗಿಯರಾಗುತ್ತಾರೆ, ಅವರಿಗೆ ನಿಕಾಹ್ ಆಗುವುದಿಲ್ಲ. ಅತ್ತೆಯ ತವರಿನಲ್ಲೇ ಹಾಗೆ ಒಂದು ಸಂಬಂಧ ಮುರಿದು ಎರಡು ಮನೆಯವರು ಮಾತು ಬಿಟ್ಟಿದ್ದರು. ಅದಕ್ಕೇ ಅವಳೊಂದು ಉಪಾಯ ಹುಡುಕಿಕೊಂಡಿದ್ದಳು. ರಾಜಮಾಳ ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ಎಲ್ಲರಿಗೂ ಬಿಡಿಸಿ ಹೇಳಿದಳು.

"ಎದಿಗೆ ಬಾಯಿ ಹಚ್ಚಿದ್ರಷ್ಟ ಹಾಲಿನ ಸಂಬಂಧ ಆಗೂದು. ಬಟ್ಟಲದಾಗ ಹಿಂಡಿ ಹತ್ತಿ ಬತ್ತೀಲೆ ಹಾಕಿದ್ರ ಅದು ಆಡಿನ ಹಾಲು ಹಾಕಿದಂಗ. ಕೂಸೂ ಉಳಿತೈತಿ, ಕೊಟ್ಟ ಮಾತೂ ಉಳಿತೈತಿ."

ನನಗೆ ಆಗ ಮಾತು ಬೇಕಿರಲಿಲ್ಲ, ಸಂಬಂಧ ಬೇಕಿರಲಿಲ್ಲ. ಹಾಲು ಬೇಕಿತ್ತು. ನನ್ನ ಗಂಡ ತಲೆಯಾಡಿಸಿದರು. ರಾಜಮಾ ಕೂಸನ್ನು ಒಮ್ಮೆ ಎತ್ತಿ ನೋಡಿ ನನ್ನ ತೊಡೆಯ ಮೇಲಿಟ್ಟಳು. ಆಮೇಲೆ, ಬಾಣಂತಿಗೆ ಪಲ್ಯ ಮಾಡಲು ಸಬ್ಬಸಗಿ ತರುತ್ತೇನೆಂದು ಸೆರಗು ಹೊದ್ದು ಹೊರಗೆ ಹೋದಳು. ಅರ್ಧ ತಾಸಿನ ಮೇಲೆ ಬರಿಗೈಯಲ್ಲಿ ಬಂದಳು. ಸಬ್ಬಸಗಿ ಸಿಗಲಿಲ್ಲವೆಂದಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಮೊದಲ ಬಟ್ಟಲು ಹಾಲು ಹಿಂಡಿ ತಂದಿಟ್ಟಳು.

ಹತ್ತಿಗೆ ನಮ್ಮಲ್ಲೇನು ಕೊರತೆ? ನನ್ನ ಗಂಡ ತಿಕೋಟಾದಿಂದ ಒಳ್ಳೆಯ ಹತ್ತಿಯನ್ನು ಬೀಜದ ಚೂರೂ ಉಳಿಯದಂತೆ ಹಿಂಜಿ ತಂದಿದ್ದರು. ಅದನ್ನು ಕುದಿಸಿ ಒಣಗಿಸಿ ಬೆರಳುದ್ದದ ಬತ್ತಿ ಹೊಸೆದೆವು. ಬಟ್ಟಲಲ್ಲಿ ಅದ್ದಿ ಕೂಸಿನ ಬಾಯಿಗಿಟ್ಟರೆ ಚೀಪುತ್ತಿತ್ತು. ಎರಡನೆಯ ದಿನಕ್ಕೆ ಭೇದಿ ಹತೋಟಿಗೆ ಬಂತು. ಆದರೆ ಬಟ್ಟಲು ಮುಗಿಯಲು ಒಂದು ತಾಸು ಬೇಕಾಗುತ್ತಿತ್ತು. ಬತ್ತಿ ಚೀಪಿ ಚೀಪಿ ಕೂಸು ರೇಗುತ್ತಿತ್ತು, ನನ್ನ ಸೆರಗಿನೊಳಗೆ ಮೂಗು ತೂರಿಸಿ ಹುಡುಕುತ್ತಿತ್ತು. ಖಾಲಿ ಎದೆಯನ್ನು ಕೊಡಲು ನನಗೆ ಭಯ. ಮತ್ತೆ ಮುಖ ತಿರುಗಿಸಿದರೆ ನಾನು ಬದುಕುವುದಿಲ್ಲ ಅನ್ನಿಸುತ್ತಿತ್ತು.

ಮೂರನೆಯ ದಿನ ಊಟದ ಹೊತ್ತಿಗೆ ರಾಜಮಾ ನನ್ನ ಎದುರಿಗೆ ಬಂದು ಕೂತಳು. ಕೂಸನ್ನು ನಿನ್ನ ಬಲ ಎದೆಗೆ ಹಚ್ಚು ಎಂದಳು. ನಾನು ಬೇಡವೆಂದೆ. ಅವಳು ನನ್ನ ಮಾತು ಕೇಳಲೇ ಇಲ್ಲ. ಉದ್ದನೆಯ ತೆಳು ಎಳೆಯೊಂದನ್ನು ಹೊಸೆದು, ಅದರ ತುದಿ ನನ್ನ ತೊಟ್ಟಿನ ಮೇಲೆ ಬೀಳುವಂತೆ ಹಿಡಿದಳು. ಕೂಸು ಬಾಯಿ ಹಚ್ಚಿದ ಕೂಡಲೇ ಮೇಲಿನಿಂದ ಎಳೆಯ ಮೇಲೆ ಚಮಚೆಯಲ್ಲಿ ಹಾಲು ಬಿಟ್ಟಳು. ಹಾಲು ಎಳೆಗುಂಟ ಇಳಿದು ತೊಟ್ಟಿನ ಹತ್ತಿರ ಬಂತು. ಕೂಸು ಎಳೆಯಿತು. ಏನೋ ಸಿಕ್ಕಿತು. ಮತ್ತೆ ಎಳೆಯಿತು. ಮುಖ ತಿರುಗಿಸಲಿಲ್ಲ. ಬಟ್ಟಲು ಮುಗಿಯುವವರೆಗೆ ನನ್ನ ಎದೆ ಬಿಡಲಿಲ್ಲ. ನಾನು ಅತ್ತದ್ದು ಕೂಸಿನ ತಲೆಯ ಮೇಲೆ ಬೀಳುತ್ತಿತ್ತು, ರಾಜಮಾ ಅದನ್ನು ಒರೆಸುತ್ತಿದ್ದಳು.

ಅತ್ತೆ ಇದನ್ನು ನೋಡಿದಳು. ತನ್ನ ಮಗಳ ಎದೆಗಲ್ಲ, ಸೊಸೆಯ ಎದೆಗೆ ತಾನೇ ಹಚ್ಚಿದ್ದು, ಇದರಲ್ಲಿ ತಪ್ಪೇನಿದೆ ಎಂದು ಲೆಕ್ಕ ಹಾಕಿ ಸುಮ್ಮನಾದಳು. ಮರುದಿನದಿಂದ ಚಮಚೆ ಹಿಡಿಯಲು ತಾನೇ ಮುಂದೆ ಬಂದಳು. ಹೀಗೆ ದಿನಕ್ಕೆ ಎಂಟು ಸಲ, ಒಂಬತ್ತು ಸಲ. ಒಬ್ಬಳು ಹಾಲು ಹಿಂಡುವುದು, ಒಬ್ಬಳು ಎಳೆ ಹಿಡಿದು ಹಾಲು ಬಿಡುವುದು, ನಾನು ಕೂತಿರುವುದು. ಮೂವರು ಹೆಂಗಸರು ಸೇರಿ ಒಂದು ಕೂಸಿಗೆ ಹಾಲು ಕುಡಿಸುವ ಕಾರಖಾನೆಯೇ ನಡೆಯಿತು. ಮೌಲಾ ತೆವಳಿಕೊಂಡು ಬಂದು ಬಟ್ಟಲು ಉರುಳಿಸಿದರೆ ಅವನಿಗೆ ಬೈಗುಳ. ನನ್ನ ಕೆಲಸ ಉಣ್ಣುವುದು, ನೀರು ಕುಡಿಯುವುದು, ಮಲಗುವುದು ಎಂದು ರಾಜಮಾ ಕಟ್ಟುನಿಟ್ಟು ಮಾಡಿದ್ದಳು. ಬಿಸಿ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಬೇಳೆ, ಜೋಳದ ನುಚ್ಚು, ಅಳವಿ ಪಾಯಸ. ಬಾಣಂತಿಗೆ ಇಷ್ಟು ನೀರು ಕೊಡಬಾರದು ಎಂದು ಅತ್ತೆ ಗೊಣಗಿದರೆ, ಬಾವಿಯಲ್ಲೇ ನೀರಿಲ್ಲದಿದ್ದರೆ ಹಗ್ಗ ಬಿಟ್ಟು ಏನು ಮಾಡುತ್ತೀ ಎಂದು ತಾಯಿಯ ಬಾಯಿ ಮುಚ್ಚಿಸುತ್ತಿದ್ದಳು.

ವಾರ ಕಳೆಯಿತು. ಏನೂ ಆಗಲಿಲ್ಲ. ಕೂಸಿನ ಕೆನ್ನೆ ತುಂಬುತ್ತ ಬಂತು, ನನ್ನ ಎದೆ ಹಾಗೇ ಇತ್ತು. ರಾಜಮಾಳ ಹಾಲು ಎಷ್ಟು ದಿನ ಎರಡು ಮಕ್ಕಳಿಗೆ ಸಾಲುತ್ತದೆ ಎಂಬ ಚಿಂತೆ ನನ್ನನ್ನು ತಿನ್ನುತ್ತಿತ್ತು. ಹತ್ತನೆಯ ದಿನ ಬೆನ್ನಿನ ಹಿಂದೆ ಏನೋ ಜುಮ್ಮೆಂದಿತು. ಜ್ವರ ಮರಳಿತೇನೋ ಎಂದು ಹೆದರಿದೆ. ಯಾರಿಗೂ ಹೇಳಲಿಲ್ಲ. ಒಮ್ಮೆ ಮುಚ್ಚಿಟ್ಟು ಇಷ್ಟೆಲ್ಲ ಅನುಭವಿಸಿದರೂ ನನಗೆ ಬುದ್ಧಿ ಬಂದಿರಲಿಲ್ಲ.

ಹನ್ನೊಂದನೆಯ ದಿನ ಮುಂಜಾನೆ ಎಳೆ ಬಿಸಿಲು ಪಡಸಾಲೆಗೆ ಬಂದಿತ್ತು. ಅತ್ತೆ ಚಮಚೆ ಹಿಡಿದು ಕೂತಿದ್ದಳು. ಬಟ್ಟಲು ಮುಗಿಯಿತು. ಎಳೆಯನ್ನು ತೆಗೆದು ಪಕ್ಕಕ್ಕಿಟ್ಟಳು. ಕೂಸು ಎದೆ ಬಿಡಲಿಲ್ಲ. ಚೀಪುತ್ತಿದೆ ಅಂದುಕೊಂಡೆವು. ಆಗ ಅದರ ಗಂಟಲಿನಿಂದ ಗುಟುಕ್ ಎಂದು ಸದ್ದು ಬಂತು. ಅತ್ತೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮತ್ತೊಂದು ಗುಟುಕು. ಮತ್ತೊಂದು. ತಿರುಗಿ ನೋಡಿದರೆ ಎಳೆ ಪಕ್ಕದಲ್ಲಿ ಬಿದ್ದಿದೆ, ಬಟ್ಟಲು ಖಾಲಿ ಇದೆ. ಕೂಸಿನ ತುಟಿಯ ಅಂಚಿನಿಂದ ಬಿಳಿಯ ಹನಿಯೊಂದು ಇಳಿದು ಗದ್ದಕ್ಕೆ ಬಂತು. ಅತ್ತೆ ಅದನ್ನು ಬೆರಳಿನಿಂದ ತೆಗೆದು ತನ್ನ ನಾಲಿಗೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಎದ್ದು ನಿಂತು ದುವಾಕ್ಕೆ ಎರಡೂ ಕೈ ಚಾಚಿದಳು. ಗಳಗಳ ಅತ್ತುಬಿಟ್ಟಳು.

ನಾನು ಅಷ್ಟು ದೊಡ್ಡ ಸೋಜಿಗವನ್ನು ಆಮೇಲೆ ಕಂಡಿಲ್ಲ. ಗೋಳಗುಮ್ಮಟ ನೋಡಿ ಜನ ಬಾಯಿ ತೆರೆಯುತ್ತಾರೆ, ನಾನೂ ತೆರೆದಿದ್ದೇನೆ. ಅದನ್ನು ನೂರಾರು ಮಂದಿ ವರ್ಷಗಟ್ಟಲೆ ಕಟ್ಟಿದರು. ಇಲ್ಲಿ ಒಂದು ಕೂಸು, ತನ್ನ ಹಲ್ಲಿಲ್ಲದ ಬಾಯಿಯಿಂದ ಎಳೆದೂ ಎಳೆದೂ, ನಿಂತುಹೋದ ಹಾಲನ್ನು ಮತ್ತೆ ತಂದಿತು. ಇದೇ ನನ್ನ ಮೈ, ಇದರೊಳಗೆ ಇಂಥದ್ದೊಂದು ಏರ್ಪಾಡು ಇದೆಯೆಂದು ನನಗೇ ಗೊತ್ತಿರಲಿಲ್ಲ. ಕೇಳುವ ಬಾಯಿ ಇದ್ದರೆ ಕೊಡುವ ಎದೆ ಏಳುತ್ತದೆ ಎಂಬುದನ್ನು ನಾನು ಅವತ್ತು ಕಣ್ಣಾರೆ ನೋಡಿದೆ. ತಿಂಗಳೊಪ್ಪತ್ತಿನಲ್ಲಿ ಬಟ್ಟಲು ಎರಡು ಹೊತ್ತಿಗೆ ಇಳಿಯಿತು, ಆಮೇಲೆ ಬೇಡವೇ ಆಯಿತು. ಕೊಯ್ದ ಎಡ ಎದೆಯಲ್ಲೂ ಸ್ವಲ್ಪ ಬಂತು. ಎರಡೂ ಕಡೆ ಸರಿಸಮ ಆಗಲಿಲ್ಲ, ಆದರೆ ಸಾಕಾಯಿತು. ಕಡಗಕ್ಕೆ ಸುತ್ತಿದ ದಾರ ಬಿಚ್ಚಿದೆವು.

ತಿಕೋಟಾಕ್ಕೆ ಹೊರಡುವ ಮೊದಲು ಅತ್ತೆಗೆ ಊರಿನ ಮುಲ್ಲಾಸಾಬರಿಂದ ಕೂಸಿಗೆ ದುವಾ ಮಾಡಿಸುವ ಆಸೆ. ನಾನೂ ಜೊತೆಗೆ ಹೋದೆ. ತುಂಬ ವಯಸ್ಸಾದವರು. ಅತ್ತೆ ಅವರ ಮುಂದೆ ನಡೆದದ್ದನ್ನೆಲ್ಲ ಹಿಗ್ಗಿ ಹಿಗ್ಗಿ ಹೇಳಿ, ಕೂಸಿನ ಕೈ ಎತ್ತಿ ಕಡಗ ತೋರಿಸಿ, ಇವಳು ಮೌಲಾನಿಗೆ ಎಂದಳು. ಮುಲ್ಲಾಸಾಬರು ಕೂಸಿನ ತಲೆಯ ಮೇಲೆ ಕೈಯಿಟ್ಟರು. ಬಟ್ಟಲಿನಿಂದ ಕುಡಿಸಿದರೂ, ಎಳೆಯಿಂದ ಇಳಿಸಿದರೂ, ಹೊಟ್ಟೆಗೆ ಹೋದದ್ದು ಆ ತಾಯಿಯ ಹಾಲೇ, ಒಂದು ಹನಿ ಸಾಕು, ಇವರಿಬ್ಬರೂ ಅಣ್ಣತಂಗಿ ಎಂದು ಮೆಲ್ಲಗೆ ತಿಳಿಸಿ ಹೇಳಿದರು. ಅತ್ತೆಯ ಕೈಯಿಂದ ಕೂಸಿನ ಕೈ ಜಾರಿತು.

"ಇದನ್ನ ನಿಮ್ಮ ಮಗಳಿಗೆ ಮೊದಲನೇ ದಿನಾನ ಹೇಳೀನಲ್ಲವಾ," ಎಂದರು ಮುಲ್ಲಾಸಾಬರು. "ಸೆರಗು ಹೊದ್ದು ಓಡಿ ಬಂದಿದ್ಲು. ನಿಂತ ನಿಲುವಿನಾಗ ಕೇಳಿಕೊಂಡು ಹೋದ್ಲು."

ಸಿಗದ ಸಬ್ಬಸಗಿ ನನಗೆ ಆಗ ನೆನಪಾಯಿತು. ಅತ್ತೆ ಮನೆಗೆ ಬಂದು ರಾಜಮಾಳ ಎದುರು ನಿಂತು, ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಳು. ರಾಜಮಾ ಮೌಲಾನಿಗೆ ಅಂಗಿ ಹಾಕುತ್ತಿದ್ದಳು. ಗುಂಡಿ ಹಾಕಿ ಮುಗಿಸಿದ ಮೇಲೆ ತಲೆ ಎತ್ತಿದಳು.

"ಹೇಳಿದ್ರ ನೀ ಹಾಲು ಕೊಡಾಕ ಬಿಡತಿದ್ದಿ ಏನು ಬೇ? ಬಿಟ್ರೂ, ಹೆಂಗಿದ್ರೂ ಸಂಬಂಧ ಹೋತು ಅಂತ ಕೂಸಿನ್ನ ನನ್ನ ಎದಿಗೇ ಹಚ್ಚತಿದ್ರಿ. ಅಕಿ ನನಗ ಹತ್ತಿಬಿಡತಿದ್ಲು. ಈಕಿ ಎದಿ ಹಂಗ ಇರತಿತ್ತು." ನನ್ನ ಕಡೆ ಗದ್ದ ತೋರಿಸಿದಳು. "ನಿನ್ನ ಬತ್ತೀಲೆ ತಾಯಿ ಮಗಳು ಇಬ್ಬರೂ ಉಳಿದ್ರು. ಸುಮ್ಮನಿದ್ದೆ."

ಅತ್ತೆ ಜಗಳ ಆಡಲಿಲ್ಲ. ಎರಡು ದಿನ ರೊಟ್ಟಿ ಬಡಿಯುವಾಗ ಮಾತ್ರ ಸದ್ದು ಜೋರಾಗಿತ್ತು. ಹೊರಡುವ ದಿನ ನಾನು ಕೂಸಿನ ಕೈಯಿಂದ ಕಡಗ ಬಿಚ್ಚಿ ರಾಜಮಾಳ ಮುಂದೆ ಹಿಡಿದೆ. ಆರು ವರ್ಷ ಕಾದು ಒಂದೇ ಮಗು ಪಡೆದವಳು, ಮನೆಗೆ ಬರಬೇಕಿದ್ದ ಹೆಣ್ಣುಮಗುವನ್ನು ಒಂದೊಂದೇ ಬಟ್ಟಲು ಹಿಂಡಿ ದೂರ ಮಾಡಿಕೊಂಡಿದ್ದಳು. ಅವಳು ಕಡಗ ಇಸಿದುಕೊಂಡು ಮತ್ತೆ ಜೈನಬಿಯ ಕೈಗೇ ಹಾಕಿದಳು.

"ಇರ್ಲಿ ಬಿಡು. ಅಣ್ಣ ತಂಗಿಗೆ ಹಾಕ್ಯಾನ," ಎಂದಳು.

ಎದುರುಮನೆಯ ಹುಡುಗಿಗೆ ಇಷ್ಟು ಹೇಳುವಷ್ಟರಲ್ಲಿ ಅವಳ ಕೂಸು ಎದ್ದು ಅಳತೊಡಗಿತು. ಮೊದಲು ಎದೆಗೆ ಹಚ್ಚು, ಸಾಲುವುದೋ ಇಲ್ಲವೋ ಎಂದು ಆಮೇಲೆ ಚಿಂತೆ ಮಾಡು, ನೋವಾದರೆ ಮುಚ್ಚಿಡಬೇಡ, ಡಾಕ್ಟರು ಹೇಳಿದ್ದನ್ನು ನಿನ್ನ ಕಿವಿಯಿಂದಲೇ ಕೇಳು ಎಂದೆ. ಉಳಿದದ್ದು ಅವಳಿಗೆ ಹೇಳಲಾಗಲಿಲ್ಲ.

ರಾಜಮಾ ಹೋದ ವರ್ಷ ಬಬಲೇಶ್ವರದಲ್ಲಿ ತೀರಿಕೊಂಡಳು. ಮೌಲಾನ ನಂತರ ಅವಳಿಗೆ ಮಕ್ಕಳಾಗಲೇ ಇಲ್ಲ. ಮಯ್ಯತ್ತಿಗೆ ಸ್ನಾನ ಮಾಡಿಸಲು ಬಂದ ಹಿರಿಯ ಹೆಂಗಸು ಪರದೆಯ ಒಳಗಿನಿಂದ, ಇವಳ ಹೆಣ್ಣುಮಕ್ಕಳಿದ್ದರೆ ಮೊದಲು ಅವರು ಬರಲಿ ಎಂದಳು. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮೌಲಾ ಬಾಗಿಲಲ್ಲಿ ನಿಂತಿದ್ದ. ಅವನು ತಿರುಗಿ ಜೈನಬಿಯ ಕಡೆ ನೋಡಿದ. ನನ್ನ ಮಗಳು ನನ್ನ ಪಕ್ಕದಿಂದ ಎದ್ದು, ತೋಳು ಮೇಲೆ ಮಾಡಿಕೊಂಡು ಒಳಗೆ ಹೋದಳು.